ಮೊಸರಿಗೆ ಡಬ್ಬಿ ಅನಾನಸ್ಸೇ ಸರಿ: ನಮ್ಮ ಅಂಗಡಿಯ ಸ್ಮೂಥಿ

ಧಾರವಾಡದಲ್ಲಿ ಆಪೂಸು ಹಣ್ಣಿನ ಕಾಲ ಮುಗಿದರೆ ಜ್ಯೂಸ್ ಅಂಗಡಿಯವರ ಪಾಡು ಗೊತ್ತಲ್ಲ. ಫ್ರೀಜರಿನ ಹಣ್ಣು, ಡಬ್ಬಿ ಹಣ್ಣು ಹಾಕಿ ಮೊಸರಿನ ಸ್ಮೂಥಿ ಮಾಡುತ್ತೇನೆ ಅಂದಾಗ ಪಕ್ಕದ ಅಂಗಡಿಯ ಅಣ್ಣ, "ಬ್ಯಾಡೋ ತಮ್ಮಾ, ಇದ್ದ ಗಿರಾಕೀನೂ ಹೋಗ್ತಾವ" ಅಂದಿದ್ದರು. ಈಗ ದೀಪಾವಳಿಗೂ ನಮ್ಮಲ್ಲಿ ಮಾವಿನ ಸ್ಮೂಥಿ ಸಿಗುತ್ತದೆ. ಅವರ ಮೊಮ್ಮಕ್ಕಳೇ ಬಂದು ಕುಡಿಯುತ್ತಾರೆ.

ಜಾಸ್ತಿ ಕಾಡಿದ್ದು ಅನಾನಸ್. ತಾಜಾ ಹಣ್ಣನ್ನು ಮೊಸರಿನ ಜೊತೆ ತಿರುವಿದರೆ ಮೊದಲ ಗುಟುಕು ಚೆನ್ನಾಗಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಕಹಿ, ಮೇಲೆ ನೀರು. ಅದರಲ್ಲಿರುವ ಬ್ರೋಮೆಲಿನ್ ಎಂಬ ಕಿಣ್ವ (ಎನ್‌ಜೈಮ್) ಮೊಸರಿನ ಪ್ರೋಟೀನನ್ನು ಒಡೆಯುತ್ತದೆ. ಫ್ರೀಜ್ ಮಾಡಿಯೂ ನೋಡಿದೆ, ಅದೇ ಕಹಿ. ಡಬ್ಬಿಗೆ ತುಂಬುವಾಗ ಹಣ್ಣನ್ನು ಚೆನ್ನಾಗಿ ಬಿಸಿ ಮಾಡಿರುತ್ತಾರೆ, ಆ ಬಿಸಿಗೆ ಬ್ರೋಮೆಲಿನ್ ಕೆಲಸ ಕಳೆದುಕೊಂಡಿರುತ್ತದೆ. ಡಬ್ಬಿ ಹಣ್ಣಿನ ಸ್ಮೂಥಿ ಅರ್ಧ ಗಂಟೆ ಇಟ್ಟರೂ ಕಹಿಯಾಗುವುದಿಲ್ಲ. 850 ಗ್ರಾಂ ಡಬ್ಬಿ ಸೋಸಿದರೆ ಹಣ್ಣು ಅರ್ಧ ಕೆಜಿ ಆಸುಪಾಸು, ಐದಾರು ಗ್ಲಾಸ್ ಆಗುತ್ತದೆ. ಪಾಕ ಚೆಲ್ಲಬೇಡಿ. ಐಸ್ ಟ್ರೇಗೆ ಹಾಕಿ ಗಟ್ಟಿ ಮಾಡಿಕೊಳ್ಳಿ. ಸಕ್ಕರೆಯೂ ಅದೇ, ಐಸೂ ಅದೇ.

ಮಾವಿಗೆ ದುಡ್ಡು ಕಳೆದದ್ದು ಬೇರೆ ಥರ. ಮೇ ಕೊನೆಗೆ ಮೆತ್ತಗಾದ ಆಪೂಸು ಅರ್ಧ ರೇಟಿಗೆ ಸಿಗುತ್ತದೆ. ಮೊದಲ ವರ್ಷ ಹೆಚ್ಚಿ ನೇರ ಕವರಿಗೆ ತುಂಬಿದ್ದೆವು. ಕಲ್ಲಿನಂಥ ಗಡ್ಡೆಯಾಯಿತು. ಒಡೆದು ಮಿಕ್ಸಿಗೆ ಹಾಕಿದರೆ ಮೊದಲು ಕಪ್ಲರ್ (ಜಾರನ್ನು ಮೋಟಾರಿಗೆ ಜೋಡಿಸುವ ಭಾಗ) ಹೋಯಿತು, ಆಮೇಲೆ ಮೋಟಾರ್. ವೈಂಡಿಂಗ್‌ಗೆ 900 ರೂಪಾಯಿ ಹತ್ತಿರ ಕೊಟ್ಟೆ. ಈಗ ಸ್ಟೀಲ್ ತಟ್ಟೆಯಲ್ಲಿ ಹೋಳುಗಳನ್ನು ಬಿಡಿಬಿಡಿಯಾಗಿ ಹರಡಿ ರಾತ್ರಿಯಿಡೀ ಫ್ರೀಜರಿನಲ್ಲಿ ಇಟ್ಟು, ಬೆಳಿಗ್ಗೆ ಕವರಿಗೆ ಹಾಕುತ್ತೇವೆ. ಬೇಕಾದಷ್ಟೇ ಕೈಗೆ ಬರುತ್ತದೆ.

ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟ್ ಹೋಗಿ ಎಂಟೊಂಬತ್ತು ಕೆಜಿ ಕರಗಿತು. ಎಲ್ಲವನ್ನೂ ಎಸೆದೆವು. ಈಗ ಫ್ರೀಜರಿನ ಖಾಲಿ ಜಾಗಕ್ಕೆಲ್ಲ ನೀರಿನ ಬಾಟಲಿ ತುಂಬಿ ಗಟ್ಟಿ ಮಾಡಿ ಇಡುತ್ತೇನೆ. ತುಂಬಿದ ಫ್ರೀಜರಿನಲ್ಲಿ ತಂಪು ಜಾಸ್ತಿ ಹೊತ್ತು ನಿಲ್ಲುತ್ತದೆ.

ಜಾರಿಗೆ ಮೊಸರು ಮೊದಲು, ಹಣ್ಣು ಆಮೇಲೆ. ಬ್ಲೇಡಿಗೆ ಒದ್ದೆ ಸಿಕ್ಕರೆ ತಿರುಗುತ್ತದೆ, ಇಲ್ಲದಿದ್ದರೆ ಸುಮ್ನೆ ಕೂಗುತ್ತದೆ. ಗ್ಲಾಸಿಗೆ ಮಾವು 150 ಗ್ರಾಂ, ಮೊಸರು ಅದಕ್ಕಿಂತ ಸ್ವಲ್ಪ ಕಮ್ಮಿ. ನೀರಿನ ಐಸ್ ಬೇಡವೇ ಬೇಡ. ರಾತ್ರಿ ಹೆಪ್ಪು ಹಾಕಿ, ಕಟ್ಟಿದ ಕೂಡಲೇ ಫ್ರಿಜ್ಜಿಗೆ. ಹುಳಿ ಬಂದರೆ ಅದು ಮಜ್ಜಿಗೆಗೆ. ಬಟ್ಟೆಯಲ್ಲಿ ಒಂದು ತಾಸು ಸೋಸಿದ ಮೊಸರಾದರೆ ಚಮಚ ನಿಲ್ಲುವಷ್ಟು ಗಟ್ಟಿ. ಸೋಸಿದ ನೀರನ್ನು ಮನೆಯವರು ಚಪಾತಿ ಹಿಟ್ಟು ಕಲಸಲು ಬಳಸುತ್ತಾರೆ. ಮಾವಿಗೆ ಕೊನೆಗೆ ಎರಡು ಚಿಟಿಕೆ ಬೀಳುತ್ತದೆ. ಒಂದು ಉಪ್ಪು. ಇನ್ನೊಂದು ಅಂಗಡಿಯ ಗುಟ್ಟು, ಕೇಳಬೇಡಿ.

ಗ್ಲಾಸಿಗೆ 30 ರೂಪಾಯಿ ಬೀಳುತ್ತದೆ, ಕರೆಂಟ್ ಬಿಲ್ ಬಿಟ್ಟು. 60ಕ್ಕೆ ಕೊಡುತ್ತೇನೆ.

ನಡುವೆ ಹಲಸಿನ ತೊಳೆ ಹಾಕಿ ನೋಡಿದೆ. ವಾಸನೆಗೆ ಅರ್ಧ ಗಿರಾಕಿ ಓಡಿದರು, ಉಳಿದರ್ಧ ಇನ್ನೊಂದು ಗ್ಲಾಸ್ ಕೇಳಿದರು. ನೇರಳೆ ಹಣ್ಣು ಮಾತ್ರ ಎಲ್ಲರಿಗೂ ಹಿಡಿಸಿತು. ಬೀಜ ತೆಗೆಯುವುದೇ ದೊಡ್ಡ ಕೆಲಸ, ಆದರೂ ಈ ಜೂನ್‌ನಲ್ಲಿ ಹತ್ತು ಕೆಜಿ ಫ್ರೀಜರಿಗೆ ಹಾಕುವವನಿದ್ದೇನೆ.