ಮೀಟಿಂಗ್ ಮುಂದಕ್ಕೆ ಹೋಯ್ತಾ, ಹಿಂದಕ್ಕೆ ಬಂತಾ?

ಇಂಗ್ಲಿಷಿನಲ್ಲಿ ಭೇಟಿಗೆ ಸಮಯ ಕೇಳುವುದು ಸುಲಭ. ಸುಮ್ನೆ ‘ಆರ್ ಯು ಫ್ರೀ?’ ಅಂತ ಕಳಿಸಬೇಡಿ. ಯಾವಾಗ, ಯಾಕೆ ಅಂತ ಎದುರಿನವರು ವಾಪಸ್ ಕೇಳಬೇಕಾಗುತ್ತದೆ. ‘ವುಡ್ ಟ್ಯೂಸ್‌ಡೇ ಅಟ್ ತ್ರೀ ವರ್ಕ್ ಫಾರ್ ಯು?’ ಅನ್ನಿ. ಗಂಟೆಗೆ ‘ಅಟ್’, ದಿನಕ್ಕೆ ‘ಆನ್’. ಡಾಕ್ಟರು, ವಕೀಲರನ್ನು ಕಾಣುವುದು ‘ಅಪಾಯಿಂಟ್‌ಮೆಂಟ್’. ಗೆಳೆಯರ ಜೊತೆ ಸಿನಿಮಾಕ್ಕೆ ಹೊರಟಿದ್ದರೆ ‘ಐ ಹ್ಯಾವ್ ಪ್ಲ್ಯಾನ್ಸ್’ ಸಾಕು.

ಇನ್ನು ದಿನ ಬದಲಾಯಿಸುವುದು. ಎಲ್ಲರೂ ಎಡವುವುದು ಇಲ್ಲೇ. ಕನ್ನಡದಲ್ಲಿ ‘ಮುಂದಕ್ಕೆ ಹಾಕು’ ಅಂದರೆ ತಡ ಮಾಡು ಅಂತ. ಇಂಗ್ಲಿಷಿನ ‘ಬ್ರಿಂಗ್ ಫಾರ್ವರ್ಡ್’ ನೇರ ಉಲ್ಟಾ: ಬೇಗ ಮಾಡು. ಹಾಗೇ ‘ಪುಷ್ ಬ್ಯಾಕ್’ ಕೇಳಿದರೆ ಹಿಂದಕ್ಕೆ, ಅಂದರೆ ಮೊದಲೇ ಅನ್ನಿಸುತ್ತದೆ, ಅಲ್ವಾ? ಅಲ್ಲ, ಅದು ತಡವಾಗಿ. ‘ಮೂವ್ ಫಾರ್ವರ್ಡ್’ ಇನ್ನೂ ಕೆಟ್ಟದ್ದು. ಇಂಗ್ಲಿಷ್ ಮನೆಮಾತಿನವರೇ ಅದನ್ನು ಎರಡು ಥರ ಅರ್ಥ ಮಾಡಿಕೊಳ್ಳುತ್ತಾರೆ. ಬುಧವಾರದ ಮೀಟಿಂಗ್ ‘ಮೂವ್ಡ್ ಫಾರ್ವರ್ಡ್ ಟೂ ಡೇಸ್’ ಅಂತ ನಾನೊಮ್ಮೆ ಬರೆದೆ. ಇಬ್ಬರು ಸೋಮವಾರ ಬಂದು ಕೂತರು, ಉಳಿದವರು ಶುಕ್ರವಾರ.

‘ಪ್ರೀಪೋನ್’ (ಗೊತ್ತಾದ ದಿನಕ್ಕಿಂತ ಮೊದಲೇ ಮಾಡುವುದು) ತಪ್ಪು ಪದ ಅಂತ ಯಾರಾದರೂ ಬೈದರೆ ತಲೆ ಕೆಡಿಸಿಕೊಳ್ಳಬೇಡಿ. ಅದು ಭಾರತದ ಇಂಗ್ಲಿಷ್, ನಿಘಂಟಿನಲ್ಲೂ ಇದೆ. ಆದರೆ ಹೊರದೇಶದವರಿಗೆ ಬರೆಯುವಾಗ ಬೇಡ, ಕೆಲವರಿಗೆ ಗೊತ್ತೇ ಇರುವುದಿಲ್ಲ. ನನ್ನ ಕೇಳಿದರೆ ಈ ಹಿಂದೆ–ಮುಂದೆ ಎಲ್ಲ ಬಿಟ್ಟು ತಾರೀಖನ್ನೇ ಹಾಕಿಬಿಡಿ: ‘ಫ್ರಮ್ ವೆನ್ಸ್‌ಡೇ ದ ಟ್ವೆಲ್ಫ್ತ್ ಟು ಮಂಡೇ ದ ಟೆಂತ್’. ‘ನೆಕ್ಸ್ಟ್ ಫ್ರೈಡೇ’ ಈ ವಾರದ್ದೋ ಮುಂದಿನದ್ದೋ ಅನ್ನುವ ಜಗಳಕ್ಕೂ ಇದೇ ಮದ್ದು.

ಕೊನೆಯದು, ಬಿಡುವಿಲ್ಲ ಅನ್ನುವುದು. ‘ಐ ಆ್ಯಮ್ ಬ್ಯುಸಿ’ ಅಂದು ನಿಲ್ಲಿಸಿದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ‘ಐ ಆ್ಯಮ್ ಟೈಡ್ ಅಪ್ ಅಂಟಿಲ್ ಫೋರ್. ಕ್ಯಾನ್ ವಿ ಟಾಕ್ ಆಫ್ಟರ್ ದಟ್?’ ಅಂತ ಬಿಡುವಿನ ಹೊತ್ತನ್ನೂ ಜೊತೆಗೆ ಹೇಳಿ. ‘ಐ ಆ್ಯಮ್ ಸ್ವಾಂಪ್ಡ್’ ಅಂದರೆ ಕೆಲಸದಲ್ಲಿ ಮುಳುಗಿದ್ದೇನೆ ಅಂತ. ಸಲಿಗೆ ಇದ್ದವರಿಗೆ ಮಾತ್ರ. ‘ರೇನ್ ಚೆಕ್’ ಹುಟ್ಟಿದ್ದು ಅಮೆರಿಕದ ಬೇಸ್‌ಬಾಲ್ ಮೈದಾನದಲ್ಲಿ. ಮಳೆ ಬಂದು ಆಟ ನಿಂತರೆ ಇನ್ನೊಂದು ದಿನ ನೋಡಲು ಕೊಡುತ್ತಿದ್ದ ಚೀಟಿ ಅದು. ಹಾಗಾಗಿ ಆಮೇಲೆ ನಿಜಕ್ಕೂ ಸಿಗುವ ಮನಸ್ಸಿದ್ದರಷ್ಟೇ ‘ಕ್ಯಾನ್ ಐ ಟೇಕ್ ಎ ರೇನ್ ಚೆಕ್?’ (ಈಗ ಆಗಲ್ಲ, ಇನ್ನೊಮ್ಮೆ ಸಿಗೋಣವಾ?) ಅನ್ನಿ.

ಫೋನಿನಲ್ಲಿ ಬರುವ ರೆಡಿಮೇಡ್ ಉತ್ತರಗಳನ್ನು ಮಾತ್ರ ನಂಬಬೇಡಿ. ಕರೆ ಕಟ್ ಮಾಡುವಾಗ ಬೆರಳು ತಾಗಿ, ನನ್ನ ಮೇಲಧಿಕಾರಿಗೆ ‘ಕಾಂಟ್ ಟಾಕ್ ನೌ. ವಾಟ್ಸ್ ಅಪ್?’ ಅಂತ ಹೋಗಿತ್ತು. ಸೆಟ್ಟಿಂಗ್ಸ್‌ಗೆ ಹೋಗಿ ‘ಇನ್ ಎ ಮೀಟಿಂಗ್, ವಿಲ್ ಕಾಲ್ ಯು ಬ್ಯಾಕ್’ ಅಂತ ಇವತ್ತೇ ಬದಲಾಯಿಸಿ.