ಅಕಾಡೆಮಿಕ್ ಪ್ಲಾನ್ ಬರೆಯೋಕೆ ಎರಡನೇ ಸಲ ಕೂತಾಗ ನಾವು ಮೊದಲು ತೆಗೆದಿದ್ದು ವರ್ಕ್‌ಲೋಡ್ ಶೀಟು

ನಾನು ಕರ್ನಾಟಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡೋನು, ನಡುವೆ ಮೂರು ವರ್ಷ ಐಕ್ಯೂಎಸಿ (ವಿವಿಯ ಒಳಗೇ ಗುಣಮಟ್ಟ ನೋಡ್ಕೊಳ್ಳೋ ಘಟಕ) ಜವಾಬ್ದಾರಿನೂ ನನ್ ಹತ್ರ ಇತ್ತು. ಆಗಲೇ ಐದು ವರ್ಷದ ಅಕಾಡೆಮಿಕ್ ಪ್ಲಾನ್ ಬರೆಯೋ ಕೆಲಸ ಬಂತು. ಯುಜಿಸಿ 2024ರಲ್ಲಿ ಐಡಿಪಿ, ಅಂದ್ರೆ ಸಂಸ್ಥೆಯ ಅಭಿವೃದ್ಧಿ ಯೋಜನೆಯ ಮಾರ್ಗಸೂಚಿ ಕೊಟ್ಟ ಮೇಲೆ ಬೇರೆ ವಿವಿಗಳಲ್ಲೂ ಇದೇ ಕೆಲಸಕ್ಕೆ ಕೂತಿರೋರು ಇದಾರೆ, ಅವರಿಗೆ ಉಪಯೋಗ ಆಗ್ಲಿ ಅಂತ ನಾವು ಹೇಗೆ ಮಾಡಿದ್ವೋ ಹಾಗೇ ಬರೀತಿದೀನಿ.

ಮೊದಲ ಡ್ರಾಫ್ಟು ಎಲ್ಲರೂ ಮಾಡೋ ಹಾಗೇ ಮಾಡಿದ್ದು. ಕಾಲೇಜು, ವಿವಿಗಳಿಗೆ ಗ್ರೇಡ್ ಕೊಡೋ ನ್ಯಾಕ್‌ನ ಏಳು ಕ್ರೈಟೀರಿಯಾ ಮುಂದಿಟ್ಕೊಂಡು, ವಿಷನ್ ಮಿಷನ್ ಬರೆದು, ಎಲ್ಲಾ ವಿಭಾಗಕ್ಕೂ ಸರ್ಕ್ಯುಲರ್ ಕಳಿಸಿ ಮುಂದಿನ ಐದು ವರ್ಷಕ್ಕೆ ಏನೇನು ಬೇಕು ಅಂತ ಕೇಳಿದ್ವಿ. ಬಂದಿದ್ದೆಲ್ಲಾ ಹೊಸ ಕೋರ್ಸುಗಳೇ, ಡಾಟಾ ಸೈನ್ಸು, ಡಿಪ್ಲೊಮಾಗಳು, ಸರ್ಟಿಫಿಕೇಟ್ ಕೋರ್ಸುಗಳು. ಒಂದೊಂದೂ ಒಳ್ಳೇದೇ. ಅದನ್ನೆಲ್ಲಾ ಸೇರಿಸಿ ಮೀಟಿಂಗಲ್ಲಿ ಓದಿದಾಗ ಒಂದು ವಿಭಾಗದ ಮುಖ್ಯಸ್ಥರಾಗಿದ್ದ (ಎಚ್‌ಓಡಿ) ಹಿರಿಯ ಮೇಡಂ ಒಬ್ರು ಕೇಳಿದ್ರು, "ಎಲ್ಲಾ ಸರಿ, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಈ ಕ್ಲಾಸಿಗೆ ಹೋಗೋರು ಯಾರು?" ಉತ್ತರ ಯಾರ ಹತ್ರಾನೂ ಇರ್ಲಿಲ್ಲ. ಆ ಡ್ರಾಫ್ಟ್ ಅಲ್ಲಿಗೇ ಬಿಟ್ವಿ.

ಆಮೇಲೆ ಮಾಡಿದ್ದು ಒಂದು ಎಕ್ಸೆಲ್ ಶೀಟು, ಯಾರಿಗೆ ಎಷ್ಟು ಪಾಠದ ಹೊರೆ ಅಂತ ತೋರಿಸೋ ವರ್ಕ್‌ಲೋಡ್ ಶೀಟು. ಪೇಪರ್ (ಅಂದ್ರೆ ಪಾಠದ ವಿಷಯ) ಹೆಸರು, ಕ್ರೆಡಿಟ್, ವಾರಕ್ಕೆ ಎಷ್ಟು ಗಂಟೆ, ಪಾಠ ಮಾಡೋರು ಯಾರು, ಅವರು ಕಾಯಂನವ್ರಾ ಅತಿಥಿ ಉಪನ್ಯಾಸಕರಾ, ಯಾವ ವರ್ಷ ರಿಟೈರ್ ಆಗ್ತಾರೆ, ಯಾವ ರೂಮು. ಯುಜಿಸಿ 2018ರ ರೆಗ್ಯುಲೇಶನ್ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ಗಂಟೆ, ಅಸೋಸಿಯೇಟ್ ಮತ್ತೆ ಪ್ರೊಫೆಸರ್‌ಗೆ 14 ಗಂಟೆ ಪಾಠ, ಆ ಲೆಕ್ಕದಲ್ಲೇ ಕೂಡಿ ಕಳೆದ್ವಿ. ಕಾಯಂ ಇರೋರಿಗೆ ಹಸಿರು, ಅತಿಥಿಗಳಿಗೆ ಹಳದಿ, ಐದು ವರ್ಷದೊಳಗೆ ನಿವೃತ್ತಿ ಆಗೋರಿಗೆ ಕೆಂಪು. ಒಂದು ವಿಭಾಗದ ಶೀಟು ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದಂಗಿದೆ, ಆರು ಹುದ್ದೆ ಮಂಜೂರಾಗಿದ್ದು, ಇದ್ದಿದ್ದು ಇಬ್ರು, ಆ ಇಬ್ರಲ್ಲಿ ಒಬ್ರದ್ದು ಕೆಂಪು, ಅದೂ ಆ ವಿಭಾಗಕ್ಕೆ ಹೆಸರು ತಂದ ಸ್ಪೆಷಲೈಸೇಶನ್ ಪೇಪರನ್ನ ಪಾಠ ಮಾಡ್ತಿದ್ದೋರು ಅವರೊಬ್ರೇ, ಮಿಕ್ಕಿದ್ದೆಲ್ಲಾ ಹಳದಿ. ಹೊಸ ಎಂಎಸ್ಸಿ ಕೇಳಿದ್ದೂ ಅದೇ ವಿಭಾಗ. ಶೀಟ್ ನೋಡಿದ ಮೇಲೆ ಅವರೇ ಪ್ರಪೋಸಲ್ ವಾಪಸ್ ತಗೊಂಡ್ರು.

ಹುದ್ದೆ ತುಂಬೋದು ನಮ್ ಕೈಲಿಲ್ಲ, ಅದಕ್ಕೆ ಸರ್ಕಾರದ ಅನುಮತಿ ಬೇಕು. ಆದ್ರೆ ಅತಿಥಿ ಉಪನ್ಯಾಸಕರನ್ನ ಯಾವಾಗ ಕರೀಬೇಕು ಅನ್ನೋದು ನಮ್ ಕೈಲಿತ್ತು. ಪ್ರತಿ ಸಲ ಸೆಮಿಸ್ಟರ್ ಶುರುವಾದ ಮೇಲೆ ಅರ್ಜಿ ಕರೆಯೋದು, ಇಂಟರ್‌ವ್ಯೂ ಮುಗಿಯೋಷ್ಟರಲ್ಲಿ ಒಂದು ತಿಂಗಳ ಪಾಠ ಹೋಗಿರೋದು. ವರ್ಕ್‌ಲೋಡ್ ಶೀಟನ್ನ ಏಪ್ರಿಲಲ್ಲೇ ಒಪ್ಪಿಸ್ಬೇಕು, ಅಡ್ಮಿಷನ್ ಮುಗಿಯೋದ್ರೊಳಗೆ ಆಯ್ಕೆ ಮುಗೀಬೇಕು ಅಂತ ಪ್ಲಾನಲ್ಲಿ ತಾರೀಖು ಹಾಕಿ ಬರೆದ್ವಿ. ಇಡೀ ಪ್ಲಾನಲ್ಲಿ ಮಕ್ಕಳಿಗೆ ಅತಿ ಹೆಚ್ಚು ಉಪಯೋಗ ಆಗಿದ್ದು ಈ ಒಂದೇ ಸಾಲಿಂದ ಅಂತ ನನ್ ಅನಿಸಿಕೆ.

ಓಪನ್ ಎಲೆಕ್ಟಿವ್, ಅಂದ್ರೆ ಬೇರೆ ವಿಭಾಗದಿಂದ ಮಕ್ಕಳು ಆರಿಸ್ಕೊಳ್ಳೋ ಪೇಪರ್, ಅದರ ಕಥೆ ಬೇರೆ. ಎಲ್ಲಾ ವಿಭಾಗಕ್ಕೂ ಖಾಲಿ ಸಿಗೋ ಹೊತ್ತು ಅಂತ ಸಂಜೆ ನಾಲ್ಕಕ್ಕೆ ಇಟ್ಟಿದ್ವಿ, ಹಾಜರಾತಿ ಪುಸ್ತಕ ನೋಡಿದ್ರೆ ಅರ್ಧಕ್ಕರ್ಧ ಆಬ್ಸೆಂಟು. ಆಸಕ್ತಿ ಇಲ್ಲ ಅಂತ ಅಂದ್ಕೊಂಡಿದ್ವಿ. ಕೂರಿಸ್ಕೊಂಡು ಕೇಳಿದ್ರೆ, ಸರ್ ನಮ್ಮೂರಿಗೆ ನಾಲ್ಕೂಕಾಲು ಗಂಟೆ ಬಸ್ ಬಿಟ್ರೆ ಆಮೇಲೆ ಏಳಕ್ಕೆ ಇರೋದು, ಇಳಿದ ಮೇಲೆ ಇನ್ನೂ ನಡೀಬೇಕು ಅಂದ್ಲು ಒಬ್ಬಳು ಹುಡುಗಿ. ಶಕ್ತಿ ಯೋಜನೆ ಬಂದ್ಮೇಲೆ ದಿನಾ ಹಳ್ಳಿಯಿಂದಲೇ ಓಡಾಡ್ಕೊಂಡು ಎಂಎ ಮಾಡೋ ಹೆಣ್ಮಕ್ಕಳು ನಮ್ಮಲ್ಲಿ ಜಾಸ್ತಿ ಆಗಿದಾರೆ, ಅವರನ್ನ ಬಿಟ್ಟು ಟೈಮ್‌ಟೇಬಲ್ ಮಾಡಿದ್ರೆ ಅದು ಸಾರ್ವಜನಿಕ ವಿವಿ ಹೇಗಾಗುತ್ತೆ? ಎಲೆಕ್ಟಿವ್‌ನ ಹನ್ನೊಂದೂವರೆಗೆ ತಂದ್ವಿ. ಅದಕ್ಕೆ ಲ್ಯಾಬ್ ಇರೋ ವಿಭಾಗದವರ ಜೊತೆ ಎರಡು ವಾರ ಜಗ್ಗಾಡ್ಬೇಕಾಯ್ತು, ಕೊನೆಗೆ ಲ್ಯಾಬುಗಳು ಮಧ್ಯಾಹ್ನಕ್ಕೆ ಹೋದ್ವು.

ಇನ್ನೊಂದು ದೊಡ್ಡ ತೊಡಕು ಪದವಿ ಸ್ಕೀಮಿನದ್ದು. 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, ನಾಲ್ಕು ವರ್ಷದ ಆನರ್ಸ್ ಅಂತ ಸಿಲಬಸ್ ಬರೆದ್ವಿ, 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಆಯ್ತು. ಆ ವರ್ಷ ಮೊದಲ ವರ್ಷದವರಿಗೆ ಹೊಸದು, ಮೇಲಿನ ತರಗತಿಯವರಿಗೆ ಎನ್‌ಇಪಿ, ಪೇಪರ್ ಬಾಕಿ ಉಳಿಸ್ಕೊಂಡೋರಿಗೆ ಎನ್‌ಇಪಿಗೂ ಮುಂಚಿನ ಸಿಬಿಸಿಎಸ್ ಸ್ಕೀಮು. ಸಿಲಬಸ್ ತಯಾರಿಸೋ ಸಮಿತಿ ಬಿಓಎಸ್‌ನವರು ಸಿಲಬಸ್ ಬರೆದೂ ಬರೆದೂ ಸುಸ್ತಾಗಿದ್ರು. ಹಾಗಾಗಿ ಪ್ಲಾನನ್ನ ಎರಡು ಭಾಗ ಮಾಡಿದ್ವಿ. ಸ್ಕೀಮ್ ಯಾವುದೇ ಬರ್ಲಿ ಬದಲಾಗದೇ ಇರೋದು ಒಂದ್ಕಡೆ: ಪರೀಕ್ಷೆ ಕ್ಯಾಲೆಂಡರ್, ಲ್ಯಾಬ್ ಗಂಟೆ, ಕನ್ನಡ ಮಾಧ್ಯಮದಿಂದ ಪಿಜಿಗೆ ಬರೋ ಮಕ್ಕಳಿಗೆ ಮೊದಲ ತಿಂಗಳ ಬ್ರಿಡ್ಜ್ ಕ್ಲಾಸು. ಸ್ಕೀಮ್ ಜೊತೆ ಬದಲಾಗೋದನ್ನೆಲ್ಲಾ ಅನುಬಂಧಕ್ಕೆ ಹಾಕಿ, ವರ್ಷಕ್ಕೊಂದ್ಸಲ ತಿದ್ದೋ ಹಾಗಿಟ್ವಿ.

ಬ್ರಿಡ್ಜ್ ಕ್ಲಾಸಿನ ಬಗ್ಗೆ ನಂಗೆ ತುಂಬಾ ಕಾಳಜಿ. ಪದವಿಯಲ್ಲಿ ಚೆನ್ನಾಗಿ ಮಾಡಿದ ಹುಡುಗ ಎಂಎ ಎಕನಾಮಿಕ್ಸ್‌ಗೆ ಬಂದು, ಬೇಡಿಕೆಯ ಸ್ಥಿತಿಸ್ಥಾಪಕತ್ವ ಗೊತ್ತಿದ್ದೂ ಎಲಾಸ್ಟಿಸಿಟಿ ಅಂದ ತಕ್ಷಣ ತಲೆ ತಗ್ಗಿಸಿ ಕೂರೋದನ್ನ ನೋಡಿದೀನಿ. ಎರಡೂ ಒಂದೇ ಅಂತ ಬೋರ್ಡ್ ಮೇಲೆ ಅಕ್ಕಪಕ್ಕ ಬರೆದ್ರೆ ಅವನ ಮುಖ ಅರಳುತ್ತೆ.

ಅಕಾಡೆಮಿಕ್ ಕೌನ್ಸಿಲ್‌ನಲ್ಲಿ ಜಾಸ್ತಿ ಚರ್ಚೆ ಆಗಿದ್ದು ಯಾವ ಪೇಪರ್ ನಿಲ್ಲಿಸ್ಬೇಕು ಅನ್ನೋದ್ರ ಮೇಲೆ. ಒಂದೊಂದು ಪೇಪರ್ ಹಿಂದೆ ಅದನ್ನ ಕಟ್ಟಿದ ಒಬ್ಬ ಮೇಷ್ಟ್ರು ಇರ್ತಾರೆ, ಅದಕ್ಕೇ ಯಾವುದನ್ನೂ ಮೇಲಿಂದ ನಿಲ್ಲಿಸ್ಲಿಲ್ಲ, ವಿಭಾಗಗಳೇ ಆರಿಸ್ಲಿ ಅಂತ ಬಿಟ್ವಿ. ಕೌನ್ಸಿಲ್ ಒಪ್ಪಿದ ಮೇಲೆ ಪ್ಲಾನು ವಿವಿಯ ಆಡಳಿತ ಮಂಡಳಿ ಸಿಂಡಿಕೇಟ್‌ಗೆ ಹೋಗಿ ಪಾಸಾಯ್ತು.

ಮರುವರ್ಷ ಏಪ್ರಿಲಲ್ಲಿ ಶೀಟುಗಳು ಬಂದಾಗ ಆ ಕೆಂಪು ಸಾಲನ್ನ ಮೊದಲು ಹುಡುಕಿದೆ. ಪೇಪರ್ ಹಾಗೇ ಇತ್ತು. ಪಾಠ ಮಾಡೋರು ಅನ್ನೋ ಕಾಲಮ್ಮಲ್ಲಿ ಈಗ ಎರಡು ಹೆಸರು, ಕೆಂಪು ಬಣ್ಣದ ಹಿರಿಯರದ್ದು, ಪಕ್ಕದಲ್ಲೇ ಅವರ ಜೊತೆ ಅದೇ ಕ್ಲಾಸಲ್ಲಿ ಕೂತು ಕಲೀತಿದ್ದ ಕಿರಿಯ ಮೇಡಂ ಒಬ್ರದ್ದು.