4 ಎಂಬಿಪಿಎಸ್ ಲೈನು, 12 ಸಿಸ್ಟಮ್, ಒಂದು ಅಪ್‌ಡೇಟ್

ತಿಂಗಳಿಗೊಂದು ಬುಧವಾರ ಬೆಳಿಗ್ಗೆ ದೂರದ ಬ್ರಾಂಚುಗಳಿಂದ, ಅವುಗಳ ಸಿಸ್ಟಮ್ ನೋಡಿಕೊಳ್ಳುವ ನನಗೆ ಫೋನ್ ತಪ್ಪುತ್ತಿರಲಿಲ್ಲ. "ಸರ್, ಎಂಟ್ರಿ ಸೇವ್ ಆಗ್ತಾನೇ ಇಲ್ಲ, ಸುಮ್ನೆ ತಿರುಗ್ತಾ ಇದೆ. ಎದುರಿಗೆ ಜನ ನಿಂತಿದ್ದಾರೆ." ಮೊದಮೊದಲು ಇಂಟರ್ನೆಟ್ ಲೈನ್ ಕೊಟ್ಟವರ ಮೇಲೆ ದೂರು ಹಾಕುತ್ತಿದ್ದೆ. ಮೂರು ತಿಂಗಳ ದೂರುಗಳ ತಾರೀಕು ಜೋಡಿಸಿ ನೋಡಿದಾಗ ವಿಷಯ ಬೇರೆ ಅಂತ ಗೊತ್ತಾಯಿತು. ಮೈಕ್ರೋಸಾಫ್ಟ್ 2003ರಿಂದ ಭದ್ರತಾ ಅಪ್‌ಡೇಟ್‌ಗಳನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುತ್ತಾ ಬಂದಿದೆ. ನಮ್ಮ ದೂರುಗಳೆಲ್ಲ ಅದರ ಮರುದಿನದವು.

ಒಂದು ಹಾಳೆ ತಗೊಂಡು ಲೆಕ್ಕ ಹಾಕಿದೆ. ಅಪ್‌ಡೇಟ್ 700 ಎಂಬಿ ಅಂತಿಟ್ಟುಕೊಳ್ಳಿ. ಸಿಸ್ಟಮ್ 12, ಲೈನು 4 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 4 ಮೆಗಾಬಿಟ್, ಅರ್ಧ ಎಂಬಿ. ಹನ್ನೆರಡೂ ಬೇರೆ ಬೇರೆಯಾಗಿ ತರಿಸಿಕೊಂಡರೆ 8,400 ಎಂಬಿ. ಬೇರೆ ಯಾರೂ ಲೈನು ಮುಟ್ಟದಿದ್ದರೂ 4 ಗಂಟೆ 40 ನಿಮಿಷ ಬೇಕು. ಅದೇ ಫೈಲು ಒಂದೇ ಸಲ ಬಂದರೆ 23 ನಿಮಿಷ ಸಾಕು. ಈ ಎರಡು ಅಂಕಿಗಳ ನಡುವಿನ ಅಂತರವೇ ನನ್ನ ಸಮಸ್ಯೆ. ಆದರೆ ಆಗ ನನಗೆ ಅದು ಹಾಗೆ ಕಾಣಲಿಲ್ಲ. ವೇಗಕ್ಕೆ ಕಡಿವಾಣ ಹಾಕಿದರೆ ಆಯಿತು ಅಂದುಕೊಂಡೆ.

ಎಲ್ಲ ಸಿಸ್ಟಮ್‌ಗಳ ಸೆಟ್ಟಿಂಗನ್ನು ಒಂದೇ ಕಡೆಯಿಂದ ಬದಲಿಸುವ ಗ್ರೂಪ್ ಪಾಲಿಸಿಯಲ್ಲಿ, ಹಿನ್ನೆಲೆಯಲ್ಲಿ ಫೈಲು ತರುವ ವಿಂಡೋಸ್‌ನ ಬಿಟ್ಸ್ ಸೇವೆಗೆ ಮಿತಿ ಹಾಕುವ ಜಾಗ ಇದೆ. ಅಲ್ಲಿ 256 ಬರೆದೆ. ಮುಂದಿನ ಬುಧವಾರ ಏನೂ ಬದಲಾಗಲಿಲ್ಲ. ವಿಂಡೋಸ್ 10ರಿಂದ ಅಪ್‌ಡೇಟ್ ತರುವ ಕೆಲಸ ಹೆಚ್ಚಾಗಿ ವಿಂಡೋಸ್‌ನದೇ ಇನ್ನೊಂದು ಸೇವೆಯಾದ ಡೆಲಿವರಿ ಆಪ್ಟಿಮೈಸೇಷನ್‌ನದು, ಬಿಟ್ಸ್ ಮಿತಿ ಅದಕ್ಕೆ ತಾಗುವುದಿಲ್ಲ. ಸರಿ, ಅದೇ 256ನ್ನು ಡೆಲಿವರಿ ಆಪ್ಟಿಮೈಸೇಷನ್ ಮಿತಿಯಲ್ಲೂ ಬರೆದೆ. ಆಗಲೂ ಲೈನು ತುಂಬಿಯೇ ಇತ್ತು. ಪಾಲಿಸಿಯ ವಿವರಣೆಯನ್ನು ನಿಧಾನವಾಗಿ ಓದಿದ ಮೇಲೆ ತಿಳಿಯಿತು: ಬಿಟ್ಸ್‌ನ ಅಂಕಿ ಕಿಲೋಬಿಟ್‌ನಲ್ಲಿ, ಇದರ ಅಂಕಿ ಕಿಲೋಬೈಟ್‌ನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 256 ಕಿಲೋಬೈಟ್ ಅಂದರೆ ಒಂದೊಂದು ಸಿಸ್ಟಮ್‌ಗೂ 2 ಎಂಬಿಪಿಎಸ್ ದಾರಿ ಬಿಟ್ಟ ಹಾಗೆ. ಎರಡೇ ಸಿಸ್ಟಮ್ ಸೇರಿದರೆ ಇಡೀ ಲೈನು ಮುಗಿಯಿತು. ಈ ಪಾಲಿಸಿ ಮುಟ್ಟುವವರು ಮೊದಲು ಈ ಒಂದನ್ನು ನೋಡಿಕೊಳ್ಳಿ.

ಆಮೇಲೆ ಅದನ್ನು 8 ಕಿಲೋಬೈಟ್‌ಗೆ ಇಳಿಸಿದೆ. ಫೋನ್ ನಿಂತಿತು, ನನಗೂ ಸಮಾಧಾನವಾಯಿತು. ಎರಡು ತಿಂಗಳ ನಂತರ ಪ್ಯಾಚ್ (ಭದ್ರತಾ ಅಪ್‌ಡೇಟ್) ವರದಿ ತೆಗೆದಾಗ ಎದೆ ಧಸಕ್ಕೆಂದಿತು. ಆ ವೇಗದಲ್ಲಿ 700 ಎಂಬಿ ಇಳಿಯಲು ಪೂರಾ 24 ಗಂಟೆಗೂ ಜಾಸ್ತಿ ಬೇಕು. ಜೊತೆಗೆ ಆಫೀಸ್ ಅಪ್‌ಡೇಟ್, ಆಂಟಿವೈರಸ್ ಬೇರೆ. ದಿನಕ್ಕೆ ಮೂರು ಗಂಟೆ ಆನ್ ಆಗುವ ಲ್ಯಾಪ್‌ಟಾಪ್‌ಗಳಲ್ಲಿ ಒಂದು ತಿಂಗಳ ಅಪ್‌ಡೇಟ್ ಮುಗಿಯುವ ಮೊದಲೇ ಮುಂದಿನದು ಬಂದು ಕೂತಿತ್ತು. ಜನರ ಹಣದ ಲೆಕ್ಕ ಇರುವ ಸಿಸ್ಟಮ್‌ಗಳು ಎರಡು ತಿಂಗಳು ಪ್ಯಾಚ್ ಇಲ್ಲದೆ ನಡೆದಿದ್ದವು. ಫೋನ್ ಬರುತ್ತಿಲ್ಲ ಅಂತ ಬಾಗಿಲು ತೆರೆದಿಟ್ಟು ಮಲಗಿದ್ದೆ. ಅವತ್ತಿನಿಂದ ನಾನು ವೇಗದ ಮಿತಿಯನ್ನೇ ನೆಚ್ಚಿಕೊಳ್ಳುವುದನ್ನು ಬಿಟ್ಟೆ. ಫೈಲು ಲೈನು ದಾಟುವುದೇ ಒಂದು ಸಲ ಆಗಬೇಕು, ಮಿಕ್ಕಿದ್ದು ಬ್ರಾಂಚಿನ ಒಳಗೇ ನಡೆಯಬೇಕು.

ಅದಕ್ಕೆ ಹೊಸದೇನೂ ಕೊಳ್ಳಬೇಕಿರಲಿಲ್ಲ. ಒಂದು ಸಿಸ್ಟಮ್ ತಂದದ್ದನ್ನು ಪಕ್ಕದ ಸಿಸ್ಟಮ್‌ಗೆ ಹಂಚುವುದೇ ಡೆಲಿವರಿ ಆಪ್ಟಿಮೈಸೇಷನ್‌ನ ಮುಖ್ಯ ಗುಣ. ಆ ಹಂಚಿಕೆ ನಡೆಯುವ ಬಾಗಿಲಾದ ಟಿಸಿಪಿ 7680 ಪೋರ್ಟ್ ತೆರೆದು, ಮೋಡ್ 1 ಅಂದರೆ ಲ್ಯಾನ್ (ಸ್ಥಳೀಯ ನೆಟ್‌ವರ್ಕ್) ಮೋಡ್ ಇಟ್ಟೆ. ಲೈನು ಇನ್ನೂ ಬಿಗಿಯಾಯಿತು!

ಫೈರ್‌ವಾಲ್‌ನ ಸೆಷನ್ ಪಟ್ಟಿ ತೆರೆದು 7680ಕ್ಕೆ ಫಿಲ್ಟರ್ ಹಾಕಿ ನೋಡಿದೆ. ಒಂದು ಬ್ರಾಂಚಿನ ಸಿಸ್ಟಮ್ ಇನ್ನೊಂದು ಬ್ರಾಂಚಿನ ಸಿಸ್ಟಮ್‌ಗೆ ಫೈಲು ಕಳಿಸುತ್ತಿತ್ತು. ಕಾರಣ ಸರಳ. ನಮ್ಮ ಬ್ರಾಂಚುಗಳೆಲ್ಲ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ದಾರಿ) ಮೂಲಕ ಹೆಡ್ ಆಫೀಸಿಗೆ ಬಂದು, ಅಲ್ಲಿಂದ ಒಂದೇ ಪಬ್ಲಿಕ್ ಐಪಿಯಲ್ಲಿ (ಹೊರಗಿನವರಿಗೆ ಕಾಣುವ ವಿಳಾಸ) ಇಂಟರ್ನೆಟ್‌ಗೆ ಹೋಗುತ್ತವೆ. ಮೋಡ್ 1ರ ಕಣ್ಣಿಗೆ ಒಂದೇ ಪಬ್ಲಿಕ್ ಐಪಿ ಅಂದರೆ ಒಂದೇ ಮನೆ. ವಿಪಿಎನ್ ಇರುವುದು ರೌಟರ್‌ನಲ್ಲಿ, ಹಾಗಾಗಿ ಸಿಸ್ಟಮ್‌ಗೆ ಅದರ ಸುಳಿವೇ ಇಲ್ಲ. ಕೂಡಲೇ ಮೋಡ್ 2, ಅಂದರೆ ಗ್ರೂಪ್ ಮೋಡ್‌ಗೆ ಬದಲಾಯಿಸಿದೆ. ಪ್ರತಿ ಬ್ರಾಂಚಿಗೂ ಒಂದೊಂದು ಗ್ರೂಪ್ ಐಡಿ ಮಾಡಿ, ಸಿಸ್ಟಮ್‌ಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಆಯಾ ಬ್ರಾಂಚಿನ ಡಿಎಚ್‌ಸಿಪಿಯಲ್ಲಿ 234ನೇ ಆಪ್ಷನ್‌ಗೆ ಹಾಕಿದೆ. ಲ್ಯಾಪ್‌ಟಾಪ್ ಹಿಡಿದು ಬೇರೆ ಬ್ರಾಂಚಿಗೆ ಹೋದವರು ಅಲ್ಲಿನ ಗುಂಪಿಗೆ ತಾವಾಗಿಯೇ ಸೇರುತ್ತಾರೆ. ನನಗೆ ಬಹಳ ಇಷ್ಟವಾದ ಏರ್ಪಾಡು ಇದು. ಅಷ್ಟು ಬೇಡ ಅನ್ನುವವರು ಒಂದೇ ಸಬ್‌ನೆಟ್‌ (ನೆಟ್‌ವರ್ಕ್‌ನ ಒಂದು ತುಂಡು) ನವರಿಗೆ ಮಾತ್ರ ಹಂಚು ಅಂತ ಪಾಲಿಸಿ ಹಾಕಿದರೂ ನಡೆಯುತ್ತದೆ.

ಇನ್ನೊಂದು ತೊಡಕು ಉಳಿದಿತ್ತು. ಎಲ್ಲವೂ ಒಟ್ಟಿಗೆ ಶುರು ಮಾಡಿದರೆ ಯಾರ ಹತ್ತಿರವೂ ಫೈಲು ಇರುವುದಿಲ್ಲ, ಹಂಚುವುದು ಏನನ್ನು? ಅದಕ್ಕೆ ಪ್ರತಿ ಬ್ರಾಂಚಿನಲ್ಲಿ ಒಂದು ಗಟ್ಟಿ ಡೆಸ್ಕ್‌ಟಾಪ್ ಆರಿಸಿದೆ. ಅದಕ್ಕೆ ಅಪ್‌ಡೇಟ್ ಬಿಟ್ಟ ದಿನವೇ, ರಾತ್ರಿಯೇ ಬರುತ್ತದೆ. ಉಳಿದವಕ್ಕೆ ಮೂರು ದಿನ ತಡ. ಹೀಗೆ ಮಾಡಿದರೆ ಹೊಸ ಪ್ಯಾಚ್ ಏನಾದರೂ ಕೆಡಿಸುತ್ತದಾ ಅಂತಲೂ ಮೊದಲೇ ತಿಳಿಯುತ್ತದೆ, ಅಲ್ವಾ? ಆದರೆ ಒಂದು ಎಚ್ಚರಿಕೆ ಬೇಕು. ಹಂಚಲೆಂದು ಡೆಲಿವರಿ ಆಪ್ಟಿಮೈಸೇಷನ್ ಕೂಡಿಟ್ಟುಕೊಳ್ಳುವ ಕ್ಯಾಶ್‌ನಲ್ಲಿ ಫೈಲು ಉಳಿಯುವುದು ಮಾಮೂಲಾಗಿ 3 ದಿನ ಮಾತ್ರ. ಉಳಿದವರು ಕೇಳುವ ಹೊತ್ತಿಗೆ ಅದು ಅಳಿಸಿ ಹೋಗಿರುತ್ತದೆ. ನಾನು ಅದನ್ನು 14 ದಿನಕ್ಕೆ ಏರಿಸಿದೆ. ಜೊತೆಗೆ, ನೇರ ಡೌನ್‌ಲೋಡ್‌ಗೆ ಇಳಿಯುವ ಮೊದಲು 3,600 ಸೆಕೆಂಡ್ ಅಕ್ಕಪಕ್ಕದವರನ್ನು ಕಾಯುವಂತೆ ಹಿನ್ನೆಲೆ ಡೌನ್‌ಲೋಡ್‌ಗೆ ಹೇಳಿಟ್ಟೆ.

ಕೆಲಸ ಆಗುತ್ತಿದೆಯೋ ಇಲ್ಲವೋ ಅಂತ ಊಹಿಸಬೇಕಾಗಿಲ್ಲ. ಪವರ್‌ಶೆಲ್‌ನಲ್ಲಿ ಗೆಟ್-ಡೆಲಿವರಿಆಪ್ಟಿಮೈಸೇಷನ್‌ಸ್ಟೇಟಸ್ ಅಂತ ಕೊಟ್ಟರೆ ಒಂದೊಂದು ಫೈಲಿಗೂ ನೇರವಾಗಿ ಎಷ್ಟು ಬಂತು, ಪಕ್ಕದವರಿಂದ ಎಷ್ಟು ಬಂತು ಅಂತ ಬೈಟ್ ಲೆಕ್ಕದಲ್ಲಿ ತೋರಿಸುತ್ತದೆ. ಪಕ್ಕದವರ ಕಾಲಂನಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಮೊದಲ ಸಲ ಕಂಡಾಗ ಆದ ಖುಷಿ ನನಗೆ ಇನ್ನೂ ನೆನಪಿದೆ.

ರೌಟರ್‌ನಲ್ಲೂ ಕೌಂಟರ್ ಅಪ್ಲಿಕೇಷನ್‌ಗೆ ಖಚಿತ ಪಾಲು ಕೊಟ್ಟು, ಅಪ್‌ಡೇಟ್‌ಗಳನ್ನು ಕೊನೆಯ ಸಾಲಿಗೆ ಹಾಕಿದೆ. ಇದನ್ನು ಬ್ರಾಂಚಿನ ರೌಟರ್‌ನಲ್ಲಿ ಮಾಡಿ ಪ್ರಯೋಜನ ಕಮ್ಮಿ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಪ್ಯಾಕೆಟ್ ಆಗಲೇ ಲೈನು ದಾಟಿ ಬಂದಿರುತ್ತದೆ. ಹೆಡ್ ಆಫೀಸಿನ ತುದಿಯಲ್ಲಿ, ಲೈನಿನ ವೇಗಕ್ಕಿಂತ ಒಂದು ಕೈ ಕೆಳಗೆ, 3.6 ಎಂಬಿಪಿಎಸ್‌ಗೆ ಕಟ್ಟಿದೆ. ಒಂದೆರಡು ಬ್ರಾಂಚಿನಲ್ಲಿ ಲಿನಕ್ಸ್ ಸಿಸ್ಟಮ್‌ಗಳಿವೆ, ಅಲ್ಲಿ ಒಮ್ಮೆ ತಂದ ಫೈಲನ್ನು ಉಳಿಸಿಟ್ಟು ಉಳಿದವಕ್ಕೆ ಕೊಡುವ ಆಪ್ಟ್-ಕ್ಯಾಶರ್-ಎನ್‌ಜಿ ಇಟ್ಟರೆ ಸಾಕಾಯಿತು. ಹಲವು ಜಿಬಿಯ ದೊಡ್ಡ ವಿಂಡೋಸ್ ಅಪ್‌ಗ್ರೇಡ್‌ಗಳನ್ನು ಮಾತ್ರ ಈಗಲೂ ಪೆನ್‌ಡ್ರೈವ್‌ನಲ್ಲೇ ಕಳಿಸುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಬ್ರಾಂಚಿನಲ್ಲಿ ಬುಧವಾರದ ವರದಿ ಖಾಲಿ ಬರುತ್ತಿತ್ತು. ಅಲ್ಲಿನ ಹುಡುಗನಿಗೆ ಫೋನ್ ಮಾಡಿದೆ. "ಸರ್, ರಾತ್ರಿ ಬಾಗಿಲು ಹಾಕುವಾಗ ಮೇನ್ ಸ್ವಿಚ್ಚೇ ಆಫ್ ಮಾಡಿ ಹೋಗ್ತೀವಲ್ಲ," ಅಂದ. ಮೊದಲು ಅಪ್‌ಡೇಟ್ ತರಲು ಆಯ್ದ ಡೆಸ್ಕ್‌ಟಾಪ್, ನೆಟ್‌ವರ್ಕ್ ಸ್ವಿಚ್, ರೌಟರ್ ಮೂರನ್ನೂ ಬೇರೆ ಕರೆಂಟ್ ಲೈನಿಗೆ ಹಾಕಿಸಿ, ಪ್ಲಗ್‌ನ ಮೇಲೆ ಒಂದು ಚೀಟಿ ಅಂಟಿಸಲು ಹೇಳಿದೆ: "ಮಂಗಳವಾರ ರಾತ್ರಿ ಆಫ್ ಮಾಡಬೇಡಿ." ಮುಂದಿನ ತಿಂಗಳು ಆ ಬ್ರಾಂಚಿನ ವರದಿಯೂ ತುಂಬಿ ಬಂತು.